ರಗ್ಬಿ ಕವಚ ಮೀಮಾಂಸೆ: ವಸ್ತಾರೆ ಹೋಬಳಿಯನ್ನು ಅನುಲಕ್ಷಿಸಿ

ರಗ್ಬಿ ಆಟದ ರಕ್ಷಣಾ ಸಾಮಗ್ರಿಗಳ ಬಗ್ಗೆ ಪ್ರಸ್ತುತ ಸಂಶೋಧಕನು ಓದಿದ ಬರಹಗಳಿಗೆಲ್ಲ ಒಂದೇ ದೋಷ. ಬರೆದವರಲ್ಲಿ ಯಾರೂ ಆಷಾಢದಲ್ಲಿ ವಸ್ತಾರೆಯ ಗದ್ದೆಗೆ ಇಳಿದವರಲ್ಲ. ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯ ಈ ಊರಿನಲ್ಲಿ ನನ್ನ ಕಣ್ಣಿಗೆ ರಗ್ಬಿ ಮೈದಾನವಾಗಲಿ ಚೆಂಡಾಗಲಿ ಬಿದ್ದಿಲ್ಲ. ಪೂರ್ವಗ್ರಹವಿಲ್ಲದ ಸಂಶೋಧನೆಗೆ ಇದಕ್ಕಿಂತ ಪ್ರಶಸ್ತವಾದ ಕ್ಷೇತ್ರ ಬೇರೆಲ್ಲಿ ಸಿಕ್ಕೀತು?

ಮೊದಲು ವ್ಯುತ್ಪತ್ತಿ. ರಗ್ಗು + ಬೀಳು = ರಗ್ಬಿ. ರಗ್ಗು ಹೊದ್ದುಕೊಂಡು ಬೀಳುವ ಕ್ರಿಯೆ ಎಂದರ್ಥ. ಲೋಪಸಂಧಿಗೆ ಸ್ವರದ ಮುಂದೆ ಸ್ವರವೇ ಬೇಕಲ್ಲ ಎಂದು ತಕರಾರು ತೆಗೆಯುವ ಪಂಡಿತರು ಮಳೆಗಾಲದಲ್ಲಿ ನಮ್ಮ ರಸ್ತೆಗಳಲ್ಲಿ ನಡೆದವರಲ್ಲ. ಅಲ್ಲಿ ಯಾವುದರ ಮುಂದೆ ಯಾವುದು ಬಂದರೂ ಲೋಪವೇ. ಇನ್ನು ಇಂಗ್ಲೆಂಡಿನವರ ಪಕ್ಷ: 1823ರಲ್ಲಿ ರಗ್ಬಿ ಎಂಬ ಊರಿನ ಶಾಲೆಯಲ್ಲಿ ವಿಲಿಯಂ ವೆಬ್ ಎಲ್ಲಿಸ್ ಎಂಬ ಹುಡುಗ ಕಾಲ್ಚೆಂಡನ್ನು ಕೈಗೆತ್ತಿಕೊಂಡು ಓಡಿದನಂತೆ. ಈ ಕಥೆ ಅಚ್ಚಾದದ್ದು 1876ರಲ್ಲಿ. ಎಲ್ಲಿಸ್ ತೀರಿಕೊಂಡದ್ದು 1872ರಲ್ಲಿ. ಹೌದು ಅಥವಾ ಅಲ್ಲ ಎನ್ನಲು ಆಸಾಮಿಯೇ ಇಲ್ಲ. ನಮ್ಮ ಕಡೆಯ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಬಾಬಾಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಏಳು ಕಾಫಿ ಬೀಜಗಳನ್ನು ಮೈಗೆ ಅವುಚಿಕೊಂಡು ಯೆಮೆನ್‌ನಿಂದ ದಾಟಿಸಿ ತಂದು ನಮ್ಮ ಗಿರಿಯಲ್ಲಿ ನೆಟ್ಟರೆಂಬುದು ಪ್ರತೀತಿ. ವಸ್ತುವನ್ನು ಎದೆಗವುಚಿ, ತಡೆಯುವವರನ್ನು ತಪ್ಪಿಸಿ, ಗೆರೆ ದಾಟಿ, ನೆಲಕ್ಕೆ ಊರುವುದು. ರಗ್ಬಿಯಲ್ಲಿ ಇದಕ್ಕೆ ಟ್ರೈ ಎನ್ನುತ್ತಾರೆ, ಐದು ಅಂಕ ಕೊಡುತ್ತಾರೆ. ನಾವು ಕಾಫಿ ಎನ್ನುತ್ತೇವೆ.

ಈಗ ಕವಚಕ್ಕೆ ಬರೋಣ. ಆಟದ ನಿಯಮಾವಳಿಯ 4ನೇ ನಿಯಮದ ಪ್ರಕಾರ ಆಟಗಾರನು ಜೆರ್ಸಿ, ಚಡ್ಡಿ, ಒಳಚಡ್ಡಿ, ಕಾಲುಚೀಲ, ಬೂಟು ಧರಿಸತಕ್ಕದ್ದು. ಒಳಚಡ್ಡಿಯನ್ನು ಶಾಸನವೇ ವಿಧಿಸಿರುವ ಆಟಗಳು ಲೋಕದಲ್ಲಿ ಹೆಚ್ಚಿರಲಾರವು. ಬಕಲು, ಜಿಪ್ಪು, ಕೊಂಡಿ, ಒಡವೆ ನಿಷಿದ್ಧ. ಅಲ್ಲಿಗೆ ಬೆಳ್ಳಿ ಉಡಿದಾರ ಹೋಯಿತು. ತಲೆಗೆ ಹಾಕುವ ಮೆತ್ತನೆ ಟೋಪಿಯ ದಪ್ಪ 1 ಸೆಂಟಿಮೀಟರ್ ಮೀರಬಾರದು. ಈ ಪರೀಕ್ಷೆಯಲ್ಲಿ ನಮ್ಮ ಅಡಿಕೆ ಹಾಳೆಯ ಟೊಪ್ಪಿ ಮೊದಲ ದರ್ಜೆಯಲ್ಲಿ ಪಾಸು. ಆದರೆ ಸತ್ಯ ಹೇಳಬೇಕು: ಆ ಟೋಪಿ ಮಿದುಳಿನ ಅಲುಗಾಟವನ್ನು ತಡೆಯುವುದಿಲ್ಲ. ಅದು ಕಾಯುವುದು ಚರ್ಮವನ್ನು ಮತ್ತು ಕಿವಿಯನ್ನು, ಅಂದರೆ ಉಜ್ಜಿ ಉಜ್ಜಿ ಹೂಕೋಸಿನಂತೆ ಆಗಿಬಿಡುವ ಕಿವಿಯನ್ನು. ಹಾಗಾದರೆ ದಪ್ಪನೆಯದನ್ನೇ ಹಾಕಬಾರದೇ? ಗಟ್ಟಿ ಕವಚ ತೊಟ್ಟವನು ತಾನೇ ಆಯುಧವಾಗಿ ಎದುರಿನವನ ಮೇಲೆ ನುಗ್ಗುತ್ತಾನೆ. ಬಂಪರಿಗೆ ಕಬ್ಬಿಣದ ಪೈಪು ಹಾಕಿಸಿದ ಜೀಪುಗಳು ಘಾಟಿಯ ತಿರುವಿನಲ್ಲಿ ಹೇಗೆ ಬರುತ್ತವೆಂದು ಬಲ್ಲವರಿಗೆ ವಿವರಣೆ ಬೇಡ.

ಭುಜ ಮತ್ತು ಬೆನ್ನಿಗೆ ಗೊರಬು. ಎಲೆ ಹೆಣೆದ ಈ ಸಾಧನವನ್ನು ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟುಕೊಂಡು ಸಾಲಾಗಿ ಬಾಗಿ ನಾಟಿ ಮಾಡುವ ಹೆಂಗಸರನ್ನು ನೋಡಿದರೆ ಸ್ಕ್ರಮ್ ಎಂಬ ವ್ಯೂಹದ ಮೂಲ ಹೊಳೆಯುತ್ತದೆ. ನಾಟಿಯಲ್ಲಿ ಹಿಂದಕ್ಕೆ ಸರಿಯುತ್ತಲೇ ಗದ್ದೆ ಮುಗಿಸುತ್ತಾರೆ. ರಗ್ಬಿಯಲ್ಲಿ ಚೆಂಡನ್ನು ಹಿಂದಕ್ಕೆ ಎಸೆಯುತ್ತಲೇ ಮುಂದೆ ಹೋಗುತ್ತಾರೆ. ಇದು ಕಾಕತಾಳೀಯವೆನ್ನುವವರಿಗೆ ಪಿಎಚ್.ಡಿ. ಸಿಗುವುದಿಲ್ಲ. ಬಾಯಿಗೆ ಹಲ್ಲುಕವಚ: ಬಿಸಿನೀರಿಗೆ ಅದ್ದಿ, ಮೆತ್ತಗಾದ ಮೇಲೆ ಕಚ್ಚಿ ಅಚ್ಚು ಮೂಡಿಸಿಕೊಳ್ಳಬೇಕು. ಹಾಕಿಕೊಂಡವನು ಎಲೆಅಡಿಕೆ ತುಂಬಿಕೊಂಡ ಪಂಚಾಯ್ತಿ ಹಿರಿಯರಂತೆ ಗದ್ದ ಎತ್ತಿ, ಸ್ವರಗಳಲ್ಲಿ ಮಾತ್ರ ಮಾತಾಡುತ್ತಾನೆ.

ಇಲ್ಲಿಯವರೆಗೆ ಎಲ್ಲ ಸುಸೂತ್ರ. ತೊಡಕು ಇರುವುದು ಮೊಣಕಾಲಿನ ಕೆಳಗೆ, ಅದರ ಹೆಸರು ಇಂಬಳ. ಕಾಲುಚೀಲದ ಹೆಣಿಗೆಯ ಸಂದಿಯಲ್ಲಿ ನೂಲಿನಂತೆ ತೂರಿ, ಬೆರಳಿನಂತೆ ಹೊರಬರುವ ಈ ಜೀವಿಗೆ ನಮ್ಮಲ್ಲಿ ಸುಣ್ಣ, ಸೋಪು, ಕೋಲಿನ ತುದಿಗೆ ಕಟ್ಟಿದ ಉಪ್ಪು ಹೊಗೆಸೊಪ್ಪಿನ ಗಂಟು ಮದ್ದು. ಕೋಲು ಹಿಡಿದು ರಗ್ಬಿ ಆಡುವಂತಿಲ್ಲ. ಹೋಗಲಿ, ಕಚ್ಚಿದರೆ ಕಚ್ಚಲಿ ಎನ್ನೋಣವೆಂದರೆ ರಕ್ತದ ನಿಯಮ ಅಡ್ಡಬರುತ್ತದೆ. ರಕ್ತ ಮೆತ್ತಿದ ಉಡುಪು ಮೈದಾನದಲ್ಲಿ ಸಲ್ಲದು. ರಕ್ತ ಸುರಿಯುತ್ತಿರುವ ಆಟಗಾರ ಹೊರಹೋಗಬೇಕು, 15 ನಿಮಿಷದೊಳಗೆ ನಿಲ್ಲಿಸಿಕೊಂಡು ಬರದಿದ್ದರೆ ಮತ್ತೆ ಬರುವಂತಿಲ್ಲ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿದೆ. ಅದು ಕುಡಿದು ಉದುರಿದ ಮೇಲೂ ಗಂಟೆಗಟ್ಟಲೆ ಜಿನುಗುತ್ತಲೇ ಇರುತ್ತದೆ. ಲೆಕ್ಕ ಹಾಕಿ: ತಂಡಕ್ಕೆ 15ರಂತೆ 30 ಮಂದಿ, ಎಂಟೆಂಟರಂತೆ ಬದಲಿಯವರು 16. ಮಧ್ಯಂತರದ ಸೀಟಿ ಊದುವುದರೊಳಗೆ 46 ಮಂದಿಯೂ ಬದುವಿನ ಮೇಲೆ. ಕಣದಲ್ಲಿ ಉಳಿಯುವುದು ಇಂಬಳವೊಂದೇ. ಅದನ್ನು ವಿಜಯಿ ಎಂದು ಸಾರಲೂ ಬರುವುದಿಲ್ಲ; ಬೂಟಿಲ್ಲ, ಜೆರ್ಸಿಯಿಲ್ಲ, ಒಳಚಡ್ಡಿಯಂತೂ ಇಲ್ಲವೇ ಇಲ್ಲ.

ಕೊನೆಗೆ ಪಾದರಕ್ಷೆ. ನಿಯಮದಂತೆ ಬೂಟಿನಡಿಯ ಮೊಳೆ 21 ಮಿಲಿಮೀಟರ್ ಮೀರಬಾರದು. ಮೊಳಕಾಲುದ್ದ ಕೆಸರಿನಲ್ಲಿ 21 ಮಿಲಿಮೀಟರ್ ಎಂದರೆ ಸಾಸಿವೆ. ಹಾಗಾಗಿ ಪ್ರಸ್ತುತ ಸಂಶೋಧಕನು ಕಳೆದ ಮಳೆಗಾಲದ ಒಂದು ಕೆಸರುಗದ್ದೆ ಆಟದಲ್ಲಿ ಗಂಬೂಟು ಹಾಕಿಕೊಂಡು, ಚೆಂಡಿನ ಬದಲಿಗೆ ಒಂದು ಹಲಸಿನ ಹಣ್ಣನ್ನು ಬಗಲಲ್ಲಿ ಅವುಚಿಕೊಂಡು ಇಳಿದನು. ಆಕಾರ ಸರಿಯಾಗಿತ್ತು. ತೂಕ ಮಾತ್ರ ಅಧಿಕೃತ ಗರಿಷ್ಠವಾದ 460 ಗ್ರಾಂಗಿಂತ ಆರೇಳು ಕೆ.ಜಿ. ಜಾಸ್ತಿ. ನಾಲ್ಕನೇ ಹೆಜ್ಜೆಗೆ ಎಡಗಾಲು ಎತ್ತಿದೆ. ಕಾಲು ಬಂತು, ಬೂಟು ಬರಲಿಲ್ಲ. ಹುಗಿದ ಜಾಗದಲ್ಲಿ ಎರಡು ಗುಳ್ಳೆ ಎದ್ದವು, ಒಡೆದವು, ಕೆಸರು ಮುಚ್ಚಿಕೊಂಡಿತು. ಹಣ್ಣನ್ನು ಬದುವಿಗಿಟ್ಟು ತೋಳು ಮುಳುಗುವಷ್ಟು ಕೈಯಾಡಿಸುತ್ತಿದ್ದಾಗ ಗದ್ದೆಯ ಯಜಮಾನರು ಕಂಬಳಿಕೊಪ್ಪೆಯೊಳಗಿಂದ ಕೇಳಿದರು:

"ಎಂತ ಹುಡುಕ್ತಿದ್ದೀರಿ ಮಾರಾಯ್ರೆ?"

"ಬೂಟು."

"ಯಾವ ಕಾಲಿಂದು?"

"ಎಡಗಾಲಿಂದು."

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಹೋದ ವರ್ಷ ಉಳುವಾಗ ಒಂದು ಸಿಕ್ಕಿತ್ತು, ಕೊಟ್ಟಿಗೇಲಿಟ್ಟಿದ್ದೀನಿ. ಬಲಗಾಲಿಂದು. ಆಗ್ತದಾ?"