ಹೊಳೆಬಾಗಿಲಿನ ಬಾರ್ಜ್ ವಿಹಾರ

ಹೋಟೆಲ್ ಬಾರ್ಜ್ ಎಂಬುದು ಮೂಲತಃ ಕೆಲಸ ಕಳೆದುಕೊಂಡ ಸರಕುದೋಣಿ. ಫ್ರಾನ್ಸಿನ ಕಾಲುವೆಗಳಲ್ಲಿ ಕಲ್ಲಿದ್ದಲು, ಗೋಧಿ ಹೊರುತ್ತಿದ್ದ ದೋಣಿಗಳ ಅನ್ನವನ್ನು ರೈಲು, ಲಾರಿಗಳು ಕಸಿದುಕೊಂಡ ಮೇಲೆ, ಅವುಗಳ ಹೊಟ್ಟೆಗೆ ಮಂಚ, ಬಾಣಸಿಗ, ದ್ರಾಕ್ಷಾರಸ ತುಂಬಿ ಸಿರಿವಂತರನ್ನು ಹತ್ತಿಸಲಾಯಿತು. 1681ರಲ್ಲಿ ತೆರೆದ 240 ಕಿ.ಮೀ. ಉದ್ದದ ಕನಾಲ್ ದ್ಯು ಮಿದಿಯಲ್ಲಿ ಬೇಸರ ಬಂದವರು ಇಳಿದು ದಂಡೆಯಲ್ಲಿ ನಡೆದು, ಮುಂದಿನ ಲಾಕಿನ ಬಳಿ ತಮ್ಮ ದೋಣಿಗಾಗಿ ಕಾಯಬಹುದು. ಈ ಸುಖಕ್ಕೆ ಲಕ್ಷಗಟ್ಟಲೆ ತೆರುತ್ತಾರೆ.

ನಮ್ಮ ಮಲೆನಾಡಿನ ಹುಂಚದಲ್ಲಿ ಇಂಥ ವಿಹಾರಕ್ಕೆ ಆಸ್ಪದವಿಲ್ಲ. ಕುಮುದ್ವತಿ ನದಿ ಅಲ್ಲೇ ಆಸುಪಾಸಿನಲ್ಲಿ ಹುಟ್ಟುತ್ತದಾದರೂ ತವರಲ್ಲಿ ಇನ್ನೂ ಕೂಸು. ಅಲ್ಲಿನ ಪದ್ಮಾವತಿ ದೇವಿಯ ದರ್ಶನ ಮುಗಿಸಿ ಸಿಗಂದೂರಿನ ಚೌಡೇಶ್ವರಿಯತ್ತ ಹೊರಟ ಯಾತ್ರಿಕನಿಗೆ ಬಾರ್ಜ್ ಸಿಗುತ್ತಿದ್ದುದು ಸಾಗರ ತಾಲ್ಲೂಕಿನ ಹೊಳೆಬಾಗಿಲಿನಲ್ಲಿ. ಹೆಸರು ಲಾಂಚ್. ದರ ಚಿಲ್ಲರೆ ಕಾಸು.

ವಿಹಾರದ ಮುಖ್ಯ ಅಂಗ ಬಸ್ಸು ಹತ್ತಿಸುವುದು. ಪ್ರಯಾಣಿಕರನ್ನು ಇಳಿಸಿ, ಬಸ್ಸನ್ನು ಮಾತ್ರ ಗೌರವದಿಂದ ಒಳಗೆ ಕರೆಯಲಾಗುತ್ತಿತ್ತು. ಆ ಕ್ಷಣದಿಂದ ದಡದಲ್ಲಿರುವ ಪ್ರತಿಯೊಬ್ಬನೂ ಪರಿಣತ. "ಬರ್ಲಿ, ಬರ್ಲಿ" ಎನ್ನುವವನೊಬ್ಬ, "ಎಡಕ್ಕೆ ಹೊಡೀರಿ" ಎನ್ನುವವನೊಬ್ಬ, ಎಡವೆಂದರೆ ಯಾರ ಎಡ ಎಂದು ಕೇಳುವವನು ಮತ್ತೊಬ್ಬ. ಸೈಕಲ್ಲನ್ನೂ ಹಿಂದಕ್ಕೆ ಸರಿಸದವರು ಟಯರಿಗೂ ಅಂಚಿಗೂ ನಡುವಿನ ಸಂದನ್ನು ಬೆರಳಲ್ಲಿ ಅಳೆಯುತ್ತಿದ್ದರು. ಚಾಲಕ ಯಾರ ಮಾತನ್ನೂ ಕೇಳದೆ ನಿಲ್ಲಿಸುತ್ತಿದ್ದ. "ನಾ ಹೇಳಿದ್ದಕ್ಕೇ ಸರಿಯಾಯ್ತು" ಎಂದು ಎಲ್ಲರೂ ಹತ್ತುತ್ತಿದ್ದರು. ಬಳಿಕ ಆಚೆ ದಡದ ಕಳಸವಳ್ಳಿಯ ತನಕ ನೀರು, ಗಾಳಿ, ಸೆಲ್ಫಿ. ಇಳಿದು ನಡೆಯುವ ಯುರೋಪಿಯನ್ ಸೌಲಭ್ಯವೊಂದೇ ಇರಲಿಲ್ಲ.

ಸೆಲ್ಫಿಯ ಹಿನ್ನೆಲೆಯಲ್ಲಿ ಕಾಣುವುದು 1964ರ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು. ಅದರಡಿ ಊರು, ಗದ್ದೆ, ಅಡಿಕೆ ತೋಟಗಳಿವೆ. ನಾಡಿಗೆ ಕರೆಂಟು ಕೊಡಲು ನೆಲ ಬಿಟ್ಟ ಸೀಮೆಯಲ್ಲೇ, ಕತ್ತಲಾದರೆ ಲಾಂಚ್ ಇರಲಿಲ್ಲ. ಆಚೆ ದಡದ ತುಮರಿ ಕಡೆಯ ಬಸುರಿಗೆ ರಾತ್ರಿ ನೋವು ಬಂದರೆ ಕಾಡಿನ ಸುತ್ತುದಾರಿಯೇ ಗತಿಯಾಗಿತ್ತು. ಪ್ರವಾಸಿಗಳು ಇದನ್ನು "ಎಂಥಾ ಪ್ರಶಾಂತ ಜಾಗ" ಎಂದು ಹೊಗಳುತ್ತಿದ್ದರು.

2025ರ ಜುಲೈ 14ರಂದು ಇಲ್ಲಿ ಎರಡು ಕಿ.ಮೀ.ಗೂ ಹೆಚ್ಚು ಉದ್ದದ ಕೇಬಲ್ ಸೇತುವೆ ತೆರೆಯಿತು. ಬಸ್ಸು ಈಗ ಯಾರ ಸಲಹೆಯೂ ಇಲ್ಲದೆ ದಾಟುತ್ತದೆ. ಯುರೋಪಿನ ಲೆಕ್ಕದಲ್ಲಿ ಇಲ್ಲಿನ ಲಾಂಚಿಗೆ ಹೋಟೆಲಾಗುವ ಪೂರ್ಣ ಅರ್ಹತೆ ಬಂದಿದೆ. ಹಾಗೆ ಆಗುವುದಿದ್ದರೆ ಇದೇ ಹಿನ್ನೀರಿನ ಹಸಿರುಮಕ್ಕಿಯವರನ್ನೊಮ್ಮೆ ಕೇಳುವುದೊಳ್ಳೆಯದು: ಅಲ್ಲಿ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಲಾಂಚೇ ನಿಂತದ್ದುಂಟು.