ಮೇಷ್ಟ್ರ ಡಬ್ಬಕ್ಕೆ ಯಾವುದು ವಾಸಿ?

ವಿಂಡೋಸ್ ಹತ್ತಕ್ಕೆ 2025ರ ಅಕ್ಟೋಬರ್ 14ರಂದು ಎಳ್ಳುನೀರು ಬಿಟ್ರಲ್ಲ, ಅವತ್ತಿಂದ ನಮ್ಮ ಬೇಲಿ ಪಕ್ಕದ ಮಾತಿನ ಧಾಟಿಯೇ ಬದಲಾಗಿದೆ. ಮೊದಲಾದ್ರೆ ಕೊಬ್ಬರಿ ರೇಟು, ಬೆಳ್ಳೂರು ಕ್ರಾಸಿನ ಬಸ್ಸು, ಯಾರ ಮನೇಲಿ ಮದುವೆ. ಈಗ ಪಕ್ಕದ ಮನೆ ಮೇಷ್ಟ್ರು ಬೇಲಿಗೆ ಒರಗಿದ್ರು ಅಂದ್ರೆ ಆಪರೇಟಿಂಗ್ ಸಿಸ್ಟಮ್ಮೇ. ರಿಟೈರಾದ ಮೇಲೆ ಊರಿನ ಕಥೆ ಬರೆಯೋಕೆ ಕೂತಿದ್ದಾರೆ. ಸೌಮ್ಯಕೇಶವನ ಗುಡಿಯಿಂದ ಶುರುವಾಗಿದೆ, ಯಾವ ಕೆರೆ ಏರಿ ಮೇಲೆ ಮುಗಿಯುತ್ತೋ ಅವರಿಗೂ ಗೊತ್ತಿಲ್ಲ. ಮೊಮ್ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಡಬ್ಬ ಅದು. 4 ಜಿಬಿ ರ‍್ಯಾಮು, ಆನ್ ಮಾಡಿ ಕಾಫಿ ಕುಡಿದು ಬಂದ್ರೂ ಇನ್ನೂ ಗುಂಡಗೆ ಸುತ್ತುತ್ತಿರುತ್ತೆ. ಅದಕ್ಕೆ ಹನ್ನೊಂದು ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಚಿಪ್ಪು ಇಲ್ಲ, ಒಳಗೆ ಬಿಡಲ್ಲ ಅಂತ ಬಾಗಿಲಲ್ಲೇ ನಿಲ್ಲಿಸುತ್ತೆ. ಬಲವಂತವಾಗಿ ತುರುಕೋರೂ ಇದ್ದಾರೆ, ಮುದಿ ಎತ್ತಿಗೆ ಕಬ್ಬಿನ ಗಾಡಿ ಕಟ್ಟಿದ ಹಾಗೆ. ಯಾಕೆ ಬೇಕು ಹೇಳಿ?

ಸರಿ, ಲಿನಕ್ಸ್ ಹಾಕಿ ಅಂದೆ. ಮಿಂಟ್ ಅಂತ ಇದೆಯಲ್ಲ, ಅದರಲ್ಲಿ ಎಕ್ಸ್‌ಎಫ್‌ಸಿಇ ಅನ್ನೋ ಹಗುರದ ನಮೂನೆ. 2 ಜಿಬಿ ಇದ್ರೂ ನಡೆಯುತ್ತೆ, 4 ಇದ್ರೆ ನೆಮ್ಮದಿ. ಪೆನ್‌ಡ್ರೈವಲ್ಲಿ ಹಾಕ್ಕೊಂಡು, ಏನನ್ನೂ ಅಳಿಸದೆ, ಒಸಿ ಓಡಿಸಿ ನೋಡಬಹುದು. ಮೇಷ್ಟ್ರು ಕೇಳಿದ ಪ್ರಶ್ನೆ ಒಂದೇ: “ಅದರಲ್ಲಿ ನುಡಿ ಇದೆಯೇನಪ್ಪಾ?”

ನೋಡಿ, ಇದೇ ವಿಷಯ. ಜನ ಪ್ರೊಸೆಸರ್ ಯಾವುದು, ಸ್ಪೀಡ್ ಎಷ್ಟು ಅಂತ ತಲೆ ಕೆಡಿಸ್ಕೋತಾರೆ. ಬರೆಯೋರಿಗೆ ಅದೆಲ್ಲ ಆಮೇಲೆ. ಇಷ್ಟು ವರ್ಷ ‘ಕ್ಯೂ’ ಒತ್ತಿದ್ರೆ ಟ, ‘ಡಬ್ಲ್ಯೂ’ ಒತ್ತಿದ್ರೆ ಡ ಅಂತ ಬೆರಳಿಗೆ ಅಭ್ಯಾಸ ಆಗಿಹೋಗಿದೆ. ಅರ್ಧಾಕ್ಷರ ಬೇಕಾದ್ರೆ ‘ಎಫ್’. ಅದನ್ನ ಬಿಡು ಅಂದ್ರೆ ಬೆರಳು ಬಿಡುತ್ತಾ? ಈ ಕೀಲಿಗಳ ಹಿಂದಿರೋದು ಕಿನ್ನಿಕಂಬಳದ ಕೆ.ಪಿ. ರಾಯರ ತಲೆ, ಅದನ್ನ ನುಡಿಯಲ್ಲಿಟ್ಟು ಪುಕ್ಕಟೆ ಹಂಚಿದ್ದು ಕನ್ನಡ ಗಣಕ ಪರಿಷತ್ತು.

ಇಲ್ಲೊಂದು ತಮಾಷೆ ಇದೆ. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಅಂತ ಒಂದು ವಿನ್ಯಾಸ ಇದೆ. ಕನ್ನಡ ಗಣಕ ಪರಿಷತ್ತಿನದೇ ಆ ಕ-ಗ-ಪ! ಇನ್ನೊಂಚೂರು ಕೆಳಗೆ ಹೋದ್ರೆ ಹಿಂದಿಗೂ ಕಗಪ, ಮರಾಠಿಗೂ ಕಗಪ, ಸಂಸ್ಕೃತಕ್ಕೂ ಕಗಪ. ನಾಗಪುರದಲ್ಲಿ ಯಾರೋ ಕೂತು ಮರಾಠಿ ಟೈಪ್ ಮಾಡೋಕೆ ಇದನ್ನ ಆರಿಸಿಕೊಂಡ್ರೆ, ಬೆಂಗಳೂರಿನ ಪರಿಷತ್ತಿನ ಹೆಸರು ಒತ್ತಿದ್ದೀನಿ ಅಂತ ಅವರಿಗೆ ಗೊತ್ತೇ ಆಗಲ್ಲ, ಅಲ್ವಾ? ನಮ್ಮೋರಿಗೇ ಗೊತ್ತಿಲ್ಲ ಬುಡಿ.

ಆದರೆ ಬರೀ ಆ ವಿನ್ಯಾಸ ಹಾಕ್ಕೊಂಡ್ರೆ ಒಂದು ಕಿರಿಕಿರಿ. ಪದದ ಮೊದಲಲ್ಲಿ ಇ ಬೇಕು ಅಂತ ‘ಐ’ ಒತ್ತಿದ್ರೆ ಬರೀ ಗುಡಿಸು ಬಂದು, ಚುಕ್ಕಿಚುಕ್ಕಿ ಸೊನ್ನೆಗೆ ಜೋತುಬಿದ್ದಿರುತ್ತೆ. ಪೂರ್ತಿ ಸ್ವರ ಬೇಕಾದ್ರೆ ಬಲಗಡೆ ಆಲ್ಟ್ ಹಿಡ್ಕೋಬೇಕು. ಅದರ ಬದಲು ಐಬಸ್ ಅನ್ನೋದನ್ನ ಹಾಕಿ, ಎಂ17ಎನ್ ಅನ್ನೋ ಗುಂಪಿನಲ್ಲಿರೋ ಕೆಜಿಪಿ ಆರಿಸಿಕೊಂಡ್ರೆ, ಸ್ವರ ಎಲ್ಲಿ, ಗುಣಿತ ಎಲ್ಲಿ ಅಂತ ಅದೇ ನೋಡ್ಕೊಳ್ಳುತ್ತೆ, ನುಡಿ ಥರಾನೇ. ಮೇಷ್ಟ್ರು ಮೊದಲು ಹೊಡೆದಿದ್ದು ಊರ ಹೆಸರು. ಎನ್, ಶಿಫ್ಟ್ ಹಿಡಿದು ಎ, ಜಿ, ಎಂ, ಮತ್ತೆ ಶಿಫ್ಟ್ ಹಿಡಿದು ಎಂ, ಜಿ, ಎಲ್. ಏಳು ಕೀಲಿಗೆ ನಾಗಮಂಗಲ ಬಂತು. ಅಕ್ಷರಕ್ಕೆ ನವಿಲು ಅನ್ನೋ ಫಾಂಟು ಸಿಗುತ್ತೆ, ಗುಬ್ಬಿ ಅಂತಲೂ ಒಂದಿದೆ. ಆದಿಚುಂಚನಗಿರಿಯ ನವಿಲುಧಾಮದ ತಾಲ್ಲೂಕಿನವರು ಗುಬ್ಬಿ ಆರಿಸ್ತಾರೆಯೇ? ಮೇಷ್ಟ್ರು ನವಿಲಿಗೇ ಕೈಹಾಕಿದ್ರು.

ಕಾಸರಗೋಡಿನ ಕನ್ನಡ ಶಾಲೆ ಮಕ್ಕಳಿಗೆ ಇದೆಲ್ಲ ಹೇಳಿದ್ರೆ ನಗ್ತಾರೆ. ಕೇರಳ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸೇ ಇರೋದು, ಪಾಠಪುಸ್ತಕಾನೂ ಅದರದ್ದೇ. ನಮ್ಮ ಕಡೆ ಮಾತ್ರ ಲಿನಕ್ಸ್ ಅಂದ್ರೆ ಇಂಜಿನಿಯರಿಂಗ್ ಓದಿರ್ಬೇಕು ಅನ್ನೋ ಭಯ.

ಮಾತಿಗೆ ಮಾತು ಬಂತು ಅಂತ ಹೇಳ್ತೀನಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಗೊತ್ತಲ್ಲ, ಇಲ್ಲೇ ಕೆ.ಆರ್. ಪೇಟೆ ತಾಲ್ಲೂಕು. 1900ರಲ್ಲಿ ಹುಟ್ಟಿದೋರು, ತೊಂಬತ್ತು ದಾಟಿದ ಮೇಲೆ, 1991ರಲ್ಲಿ ‘ದೇವರು’ ತಂದ್ರು. ಅದೇ ವರ್ಷ ಫಿನ್ಲೆಂಡಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಅನ್ನೋ ಹುಡುಗ ಲಿನಕ್ಸನ್ನ ಹೊರಗೆ ಬಿಟ್ಟ. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿ ಬಂತು, ಕನ್ನಡಾನೂ ಅದರಲ್ಲಿತ್ತು. ಮೂರಕ್ಕೂ ಒಂದಕ್ಕೊಂದು ಸಂಬಂಧ ಏನೂ ಇಲ್ಲ. ಆದರೂ ಹೇಳದೆ ಇರೋಕಾಗಲಿಲ್ಲ. “ತೊಂಬತ್ತಾದ್ಮೇಲೆ ಅವರು ಬರೆದ್ರು, ನಾನು ಎಪ್ಪತ್ತಕ್ಕೇ ಡಬ್ಬದ ಮೇಲೆ ಗೂಬೆ ಕೂರಿಸ್ತಿದ್ದೀನಲ್ಲ” ಅಂದ್ರು ಮೇಷ್ಟ್ರು. ಹಾಗಂತ ಬರವಣಿಗೆ ಶುರು ಮಾಡಿದ್ರಾ? ಇಲ್ಲ, ಒಳಗೆ ಹೋಗಿ ಹಳೇ ಫೈಲು ತೆಗೆದ್ರು.

ತೆಗೆದ್ರೆ ಕನ್ನಡಾನೇ ಇಲ್ಲ! ತಲೆ ಮೇಲೆ ಗೀಟು ಎಳೆದ ಇಂಗ್ಲಿಷ್ ಅಕ್ಷರ, ಏನೇನೋ ಗುರುತು. ಹಳೇ ನುಡಿ ಆಸ್ಕಿಯಲ್ಲಿ ‘ನ’ ಕೂತಿರೋದು ಪೌಂಡಿನ ಗುರುತಿನ ಜಾಗದಲ್ಲಿ, ‘ಲ’ ಕೂತಿರೋದು ಸೊನ್ನೆಯೊಳಗೆ ಆರ್ ಇರೋ ಟ್ರೇಡ್‌ಮಾರ್ಕ್ ಗುರುತಿನಲ್ಲಿ. ಹಾಗಾಗಿ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ನಾಗಮಂಗಲ ಅನ್ನೋದು ಪೌಂಡಿನಿಂದ ಶುರುವಾಗಿ ರಿಜಿಸ್ಟರ್ಡ್ ಅಂತ ಮುಗಿಯುತ್ತೆ. ಬ್ರಿಟಿಷರು ದುಡ್ಡು ಕೊಟ್ಟು ಊರನ್ನೇ ರಿಜಿಸ್ಟರ್ ಮಾಡಿಸ್ಕೊಂಡಂಗೆ ಕಾಣ್ತು ಮೇಷ್ಟ್ರಿಗೆ. ನುಡಿ ಫಾಂಟಿನ ಕಡತ ತಂದು ಹಾಕಿದ್ರೆ ಲಿಬ್ರೆಆಫೀಸಿನಲ್ಲಿ ಎಲ್ಲಾ ಓದೋಕೆ ಬರುತ್ತೆ. ಅದಕ್ಕಿಂತ ಒಂದೇ ಸಲ ಯೂನಿಕೋಡಿಗೆ ತಿರುಗಿಸಿಬಿಡೋದು ವಾಸಿ, ಅರವಿಂದ ವಿ.ಕೆ. ಅವರು ಮಾಡಿಟ್ಟಿರೋ ಪರಿವರ್ತಕ ಇದೆ, ಪುಕ್ಕಟೆ.

ಆಮೇಲೆ ಪ್ರೆಸ್ಸಿನ ಗಲಾಟೆ. “ನುಡೀಲಿ ತನ್ನಿ ಸಾರ್” ಅಂತಾರೆ. ತಪ್ಪೇನಿಲ್ಲ ಅವರದ್ದು. ಮದುವೆ ಕಾರ್ಡು, ತಿಥಿ ಕಾರ್ಡು, ಕರಪತ್ರ ಎಲ್ಲಾ ಎಷ್ಟೋ ಕಡೆ ಇವತ್ತಿಗೂ ಪೇಜ್‌ಮೇಕರ್ 7ರಲ್ಲೇ. 2001ರದ್ದು ಅದು, ಯೂನಿಕೋಡ್ ಅಂದ್ರೆ ಅದಕ್ಕೆ ತಿಳಿಯಲ್ಲ. ನನ್ನ ಕೇಳಿದ್ರೆ ಅದಕ್ಕೋಸ್ಕರ ಮನೇಲಿ ವಿಂಡೋಸ್ ಇಟ್ಕೋಬೇಕಾಗಿಲ್ಲ. ಯೂನಿಕೋಡಲ್ಲಿ ಬರೆದು ಕೊಡಿ, ಅವರ ಅಂಗಡೀಲಿ ನುಡಿ ಇದ್ದೇ ಇರುತ್ತೆ, ಅದರ ಪರಿವರ್ತಕದಲ್ಲಿ ಹಾಕ್ಕೊಳ್ಳಲಿ. ಒತ್ತಕ್ಷರ ಅಲ್ಲೊಂದು ಇಲ್ಲೊಂದು ಎಡವಬಹುದು, ಪ್ರೂಫ್ ಹೇಗೂ ನೋಡ್ಲೇಬೇಕಲ್ಲ.

ಇನ್ನೂ ಮುದಿ, 32 ಬಿಟ್ಟಿನ ಡಬ್ಬ ನಿಮ್ಮ ಅಟ್ಟದಲ್ಲಿದ್ರೆ ಮಿಂಟ್ ಆಸೆ ಬಿಡಿ. ಡೆಬಿಯನ್ ಕೂಡ 2025ರಲ್ಲಿ 13ನೇ ಆವೃತ್ತಿ ತಂದಾಗ ಅಂಥವಕ್ಕೆ ಹೊಸದಾಗಿ ಹಾಕೋ ದಾರಿ ಮುಚ್ತು. ಆಂಟಿಎಕ್ಸ್ 23 ಇದೆ, ನಡೆಯುತ್ತೆ, ಚಂದ ಕೇಳಬೇಡಿ.

ಹಾಂ, ಆ ಸೆಲ್ಲಿನ ಕಥೆ ಹೇಳೋದೇ ಮರೀತಿದ್ದೆ. ಹಳೇ ಡಬ್ಬದೊಳಗೆ ಎಂಟಾಣೆ ಅಗಲದ ಒಂದು ಸೆಲ್ ಇರುತ್ತೆ, ಸಿಆರ್2032 ಅಂತ. ಅದು ಸತ್ರೆ ಕರೆಂಟ್ ಹೋದಾಗಲೆಲ್ಲ ತಾರೀಕು ಹಿಂದಕ್ಕೆ ಓಡುತ್ತೆ. ಮೇಷ್ಟ್ರು ಹೋದ ವಾರ ಬರೆದ ಅಧ್ಯಾಯದ ಮೇಲೆ 2009ರ ಜನವರಿ ಅಂತ ಬಿದ್ದಿತ್ತು. ಇಂಟರ್ನೆಟ್ಟೂ ಅಷ್ಟೆ, ತಾರೀಕು ಸರಿಯಿಲ್ಲ ಅಂತ ಪೇಜು ತೆರೆಯಲ್ಲ. ಯಾವ ಸಿಸ್ಟಮ್ ಹಾಕಿದ್ರೂ ಮೊದಲು ಆ ಸೆಲ್ ಬದಲಾಯಿಸಿ. ಕೈಲಿ ಒಸಿ ಕಾಸಿದ್ರೆ ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕ್ಸಿ, ಡಬ್ಬಕ್ಕೆ ಪ್ರಾಯ ಬರುತ್ತೆ.

ಈಗ ಎಲ್ಲಾ ಕೂತಿದೆ. ಬರವಣಿಗೆ ಎಲ್ಲಿಗೆ ಬಂತು ಮೇಷ್ಟ್ರೇ ಅಂದ್ರೆ, “ಬರೀತೀನಪ್ಪಾ, ಆ ಇಸ್ಪೀಟಿನ ಆಟ ಇದರಲ್ಲಿ ಎಲ್ಲೋಯ್ತು?” ಅಂತಾರೆ. ಹಾಕ್ಕೋಬಹುದು, ಒಂದು ಕ್ಲಿಕ್ಕಿನ ಕೆಲಸ. ಪುಸ್ತಕ ಮುಗಿಯೋವರೆಗೂ ನಾನಂತೂ ಬಾಯಿ ಬಿಡಲ್ಲ, ನೀವೂ ಹೇಳ್ಬೇಡಿ, ಆಯ್ತಾ?