ಮೊಣಕಾಲು ಒಪ್ಪಿದ ಊರು

ಮಗನಿಗೆ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಕೆಲಸ ಸಿಕ್ಕಿತೆಂಬ ಸುದ್ದಿ ಬಂದ ದಿನ ನನ್ನ ಹೆಂಡತಿ ಸಂಬಳ ಎಷ್ಟೆಂದು ಕೇಳಲಿಲ್ಲ, ಊಟಕ್ಕೆ ಏನು ಮಾಡುತ್ತೀ ಎಂದೂ ಕೇಳಲಿಲ್ಲ. "ಘಟ್ಟದ ಮೇಲೋ, ಕೆಳಗೋ?" ಎಂದಳು. ಅವಳ ತವರು ಕುಮಟೆ, ನಾನು ಶಿರಸಿ ಕಡೆಯವನು. ನಮ್ಮ ಜಿಲ್ಲೆಯಲ್ಲಿ ಮನುಷ್ಯರದ್ದು ಎರಡೇ ಜಾತಿ: ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು. ಮದುವೆಯಾಗಿ ಮೂವತ್ತೆಂಟು ವರ್ಷ ಕಳೆದರೂ ದೇವಿಮನೆ ಘಟ್ಟ ನಮ್ಮಿಬ್ಬರ ನಡುವೆ ಇದ್ದಲ್ಲೇ ಇದೆ. ಸೆಖೆಯಾದರೆ ಕೆಳಗಿನವರ ತಪ್ಪು, ಮಳೆ ಹಿಡಿದು ಬಟ್ಟೆ ಒಣಗದಿದ್ದರೆ ಮೇಲಿನವರ ತಪ್ಪು.

"ಕೆಳಗೇ ಆಯಿ. ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷ" ಎಂದ ಮಗ. ಆ ಒಂದು ಮಾತಿಗೆ ಅವಳು ಪಾಸ್‌ಪೋರ್ಟು ಮಾಡಿಸಿದಳು.

ಅವನ ಆಫೀಸು ಇರುವುದು ಸೋಫಿಯಾ ಆಂತಿಪೊಲಿಸ್ ಎಂಬಲ್ಲಿ. ಕೇಳಿದರೆ ಯಾವುದೋ ಗ್ರೀಕ್ ದೇವತೆಯ ಹೆಸರಿನಂತಿದ್ದರೂ ಅದು 1969ರಲ್ಲಿ ಕಾಡಿನ ನಡುವೆ ಶುರುವಾದ ತಂತ್ರಜ್ಞಾನ ಪಾರ್ಕು. ಮನೆ ಮಾತ್ರ ನೀಸ್ ಪಟ್ಟಣದಲ್ಲಿ, ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ. ಈ ಲಿಫ್ಟಿನ ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಳಿದ ಮರುದಿನ ಬೆಳಿಗ್ಗೆ ಹೆಂಡತಿ ಸಮುದ್ರಕ್ಕೆ ಹೋದಳು. ಹೋದಷ್ಟೇ ಬಿರುಸಿನಲ್ಲಿ ತಿರುಗಿ ಬಂದಳು. ನೀಸಿನ ದಡದಲ್ಲಿ ಮರಳಿಲ್ಲ. ಬರೀ ಬೂದು ಬಣ್ಣದ ಉರುಟು ಕಲ್ಲು. ಜನ ಅದರ ಮೇಲೆ ಟವೆಲು ಹಾಸಿ, ಉತ್ತರಾಯಣಕ್ಕೆ ಕಾಯುವ ಭೀಷ್ಮರ ಹಾಗೆ ಮಲಗಿರುತ್ತಾರೆ. ಸಾಲದ್ದಕ್ಕೆ ಮೆಡಿಟರೇನಿಯನ್ನಿಗೆ ಭರತ ಇಳಿತ ಎಂಬುದು ಹೆಸರಿಗಷ್ಟೇ. ಬೆಳಿಗ್ಗೆ ಎಲ್ಲಿರುತ್ತದೋ ಸಂಜೆಯೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ.

"ಮರಳಿಲ್ಲ, ಭರತ ಇಲ್ಲ, ಮೀನಿನ ವಾಸನೆಯೂ ಇಲ್ಲ. ಇದಕ್ಕೆ ಸಮುದ್ರ ಅಂತ ಹೆಸರಿಟ್ಟವರು ಯಾರು?"

ಹೆಸರಿನ ವಿಚಾರ ಬಂದಾಗ ಸುಮ್ಮನಿರುವ ಸ್ವಭಾವ ನನ್ನದಲ್ಲ. ಸ್ತೆಫೆನ್ ಲಿಯೆಜಾರ್ ಎಂಬ ಲೇಖಕ 1887ರಲ್ಲಿ ಬರೆದ ಪುಸ್ತಕದಿಂದಲೇ ಈ ಕರಾವಳಿಗೆ ಕೋತ್ ದಾಜ್ಯುರ್, ಅಂದರೆ ನೀಲಿ ಕರಾವಳಿ, ಎಂಬ ಹೆಸರು ಬಂದದ್ದು ಎಂದೆ. "ಬಣ್ಣ ನೋಡಿ ಮೋಸ ಹೋಗುವವರು ಎಲ್ಲಾ ದೇಶದಲ್ಲೂ ಇರುತ್ತಾರೆ" ಎಂದು ನನ್ನ ಕಡೆ ನೋಡಿದಳು. ನಾನು ಕಪ್ಪಗಿದ್ದೇನೆ, ಆದ್ದರಿಂದ ಆ ಮಾತು ನನಗೆ ತಾಗಲಿಲ್ಲ.

ಹೀಗೆ ಎರಡು ವಾರದ ಸಮುದ್ರ ತೀರದ ರಜೆ ಎರಡನೆಯ ದಿನವೇ ಗುಡ್ಡಕ್ಕೆ ತಿರುಗಿತು.

ಗುಡ್ಡಕ್ಕೆ ಅಲ್ಲಿ ಬರವಿಲ್ಲ. ಆಲ್ಪ್ಸ್ ಪರ್ವತ ಬಂದು ಸಮುದ್ರಕ್ಕೆ ಕಾಲು ಇಳಿಬಿಟ್ಟು ಕೂತಿರುವ ಜಾಗ ಅದು. ಒಂದೊಂದು ಗುಡ್ಡದ ನೆತ್ತಿಗೂ ಒಂದೊಂದು ಹಳೆಯ ಊರು ಅಂಟಿಕೊಂಡಿದೆ. ಅಂಥ ಊರಿಗೆ ಫ್ರೆಂಚಿನಲ್ಲಿ ಇರುವ ಹೆಸರೂ ಹಾಗೇ, ಕೊಂಬೆಯ ಮೇಲೆ ಹಕ್ಕಿ ಕೂತಂತೆ ಕೂತ ಊರು ಎಂದು. ಒಂದೆರಡಲ್ಲ, ಹತ್ತಾರು. ನಮ್ಮ ಕೈಯಲ್ಲಿ ಆಗುವುದು ಮೂರೋ ನಾಲ್ಕೋ. ಯಾವ ನಾಲ್ಕು?

ಮಗ ಎಕ್ಸೆಲ್ ಹಾಳೆ ತೆರೆದ. ಎಜ್, ಸೇಂ ಪೋಲ್ ದ ವಾಂಸ್, ಗುರ್ದೋಂ, ತುರೆತ್ ಸ್ಯುರ್ ಲೂ, ಸೇಂತ್ ಆನ್ಯೆಸ್, ಕೊಆರಾಜ್, ಪೇಯೋಂ. ಫ್ರೆಂಚರದ್ದು ಬರೆಯುವುದು ಮಾರುದ್ದ, ಓದುವುದು ಗೇಣುದ್ದ. ಅವನು ಓದಿದ್ದಕ್ಕೂ ಹಾಳೆಯಲ್ಲಿದ್ದ ಅಕ್ಷರಕ್ಕೂ ದೂರದ ನೆಂಟಸ್ತಿಕೆಯೂ ಕಾಣಲಿಲ್ಲ. ಹೆಂಡತಿ ಈ ಗೋಜೇ ಬೇಡವೆಂದು ತನ್ನದೇ ನಾಮಕರಣ ಮಾಡಿದಳು. ತುದಿಯಲ್ಲಿ ಪಾಪಾಸುಕಳ್ಳಿಯ ತೋಟವಿರುವ ಎಜ್ ಕಳ್ಳಿ ಊರಾಯಿತು. ಕಲಾವಿದರು ನೆಲೆಸಿದ್ದ ಸೇಂ ಪೋಲ್ ಚಿತ್ರದ ಊರು. ನೇರಳೆ ಬಣ್ಣದ ವಯೊಲೆಟ್ ಹೂ ಬೆಳೆದು ಮಾರ್ಚಿನಲ್ಲಿ ಅದಕ್ಕೊಂದು ಹಬ್ಬವನ್ನೂ ಮಾಡುವ ತುರೆತ್ ಹೂವಿನ ಊರು. ಕೊಆರಾಜ್ ದೆವ್ವದ ಊರು. ಹಿಂದೊಮ್ಮೆ ಆ ಊರಿನವರು ಸೈತಾನನನ್ನೇ ಬಾಲ ಹಿಡಿದು ನಿಲ್ಲಿಸಿದರಂತೆ, ಅವನು ಹಲ್ಲಿಯ ಹಾಗೆ ಬಾಲ ಕಳಚಿಕೊಟ್ಟು ಓಡಿದನಂತೆ, ಬಾಲ ಕಡಿದ ಊರು ಎಂಬುದೇ ಆಡುಮಾತಿನಲ್ಲಿ ಕೊಆರಾಜ್ ಆಯಿತಂತೆ. ಪೇಯೋಂ ಬಗ್ಗೆ ಏನು ಹೇಳುವುದೆಂದು ಮಗನಿಗೂ ತೋಚಲಿಲ್ಲ. "ಅಲ್ಲಿ ಅಂಗಡಿ ಗಿಂಗಡಿ ಏನಿಲ್ಲ ಆಯಿ" ಎಂದ. ಅದು ಏನೂ ಇಲ್ಲದ ಊರಾಯಿತು.

ಅಂಕ ಕೊಡುವ ಕೆಲಸ ಶುರುವಾಯಿತು. ಮಗ ದೂರ, ಪಾರ್ಕಿಂಗ್ ಎಂದು ಕಾಲಂ ಹಾಕಿದ. ಸೊಸೆ ಫೋಟೋ ಎಂದು ಸೇರಿಸಿದಳು. ಹೆಂಡತಿ ಹಿಂದೆಮುಂದೆ ನೋಡದೆ ಪಾಯಖಾನೆ ಎಂದಳು. ನಾನು ಇತಿಹಾಸ ಎಂದೆ, ಯಾರೂ ಬೇಡ ಅನ್ನಲಿಲ್ಲ, ಅಂದರೆ ಯಾರೂ ಕೇಳಿಸಿಕೊಳ್ಳಲಿಲ್ಲ. ಫ್ರಾನ್ಸಿನಲ್ಲಿ 1982ರಿಂದ ಒಂದು ಸಂಘವಿದೆ. ದೇಶದ ಅತಿ ಚೆಲುವಿನ ಹಳ್ಳಿಗಳು ಯಾವುವೆಂದು ಅದು ತೀರ್ಮಾನಿಸಿ ಫಲಕ ಕೊಡುತ್ತದೆ. ಜನಸಂಖ್ಯೆ ಎರಡು ಸಾವಿರ ಮೀರಬಾರದು ಎಂಬುದು ಅದರ ಒಂದು ನಿಯಮ. ನಮ್ಮ ಪಟ್ಟಿಯ ಗುರ್ದೋಂ, ಕೊಆರಾಜ್ ಎರಡಕ್ಕೂ ಆ ಫಲಕವಿದೆ. ಏಳು ಮನೆಯ ನಮ್ಮ ಕೇರಿಗೂ ಯಾಕಿರಬಾರದು ಎಂದು ನನಗೆ ಅನ್ನಿಸಿತು. ಎತ್ತರ ನೋಡಿದರೂ ಅಷ್ಟೇ. ಎಜ್ ಇರುವುದು ಸುಮಾರು 430 ಮೀಟರಿನಲ್ಲಿ, ನಮ್ಮ ಶಿರಸಿ ಅದಕ್ಕಿಂತ ಮೇಲಿದೆ. ಆದರೂ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನನ್ನ ಫೋಟೋ ತೆಗೆದ ವಿದೇಶಿಯನ್ನು ನಾನು ಈವರೆಗೆ ಕಂಡಿಲ್ಲ.

ಎಲ್ಲ ಮುಗಿದ ಮೇಲೆ ನೋಡಿದರೆ ಏಳೂ ಊರಿಗೆ ಹೆಚ್ಚುಕಡಿಮೆ ಒಂದೇ ಅಂಕ. ಎಲ್ಲರೂ ಮಲಗಿದ ಮೇಲೆ ನಾನು ಗುಟ್ಟಾಗಿ ಮೆಟ್ಟಿಲು ಎಂಬ ಕಾಲಂ ಸೇರಿಸಲು ಹೋಗಿ, ಇದ್ದ ಅಂಕವನ್ನೂ ಅಳಿಸಿಬಿಟ್ಟೆ.

ಇಷ್ಟಕ್ಕೂ ಈ ಊರುಗಳವರೆಲ್ಲ ಗುಡ್ಡ ಹತ್ತಿ ಕೂತದ್ದು ಚಂದ ಕಾಣಲೆಂದಲ್ಲ, ಹೆದರಿ. ಸಮುದ್ರದಿಂದ ಕಡಲ್ಗಳ್ಳರು ಬರುತ್ತಿದ್ದರು. ದಡದಲ್ಲಿದ್ದವರನ್ನು ದೋಚಿ, ಆಳುಗಳನ್ನೂ ಹಿಡಿದೊಯ್ದು ಮಾರುತ್ತಿದ್ದರು. 1543ರಲ್ಲಿ ತುರ್ಕರ ಹಡಗುಪಡೆಯೂ ಫ್ರಾನ್ಸಿನ ರಾಜನ ಪಡೆಯೂ ಜೊತೆಗೂಡಿ ನೀಸಿಗೇ ಮುತ್ತಿಗೆ ಹಾಕಿದವು. ನೀಸ್ ಆಗ ಫ್ರಾನ್ಸಿನದ್ದಲ್ಲ, ಸವಾಯ್ ಅರಸರದ್ದು. ಫ್ರಾನ್ಸಿಗೆ ಸೇರಿದ್ದು 1860ರಲ್ಲಿ. ಆ ಮುತ್ತಿಗೆಯಲ್ಲಿ ಕ್ಯಾಥರೀನ್ ಸೆಗುರಾನ್ ಎಂಬ ಅಗಸಗಿತ್ತಿ ಬಟ್ಟೆ ಬಡಿಯುವ ಮರದ ಬಡಿಗೆಯಿಂದಲೇ ಕೋಟೆ ಏರಿದ ಸೈನಿಕನನ್ನು ಕೆಡವಿ ಅವನ ಬಾವುಟ ಕಿತ್ತುಕೊಂಡಳು ಎಂದು ಕಥೆಯಿದೆ. ನಾನು ಇದನ್ನು ಹೇಳಿ ಮುಗಿಸುವ ಮೊದಲೇ ಹೆಂಡತಿ, "ನಮ್ಮ ಓಬವ್ವನ ಅಕ್ಕ" ಎಂದಳು. ಹೈದರಾಲಿಯ ಕಾಲಕ್ಕಿಂತ ಇನ್ನೂರು ವರ್ಷ ಹಿಂದಿನವಳಾದ್ದರಿಂದ ಅಕ್ಕ ಎಂಬುದೇ ಸರಿ. ಒಬ್ಬಳ ಕೈಯಲ್ಲಿ ಒನಕೆ, ಇನ್ನೊಬ್ಬಳ ಕೈಯಲ್ಲಿ ಬಡಿಗೆ. ಗಂಡಸರು ಕತ್ತಿ ಹುಡುಕುತ್ತಿದ್ದರೇನೋ.

ಅಂಕ ಹೋದ ಮೇಲೆ ವಶೀಲಿ ಉಳಿಯುತ್ತದೆ. ನಾನು ಎಜ್ ಪರ ನಿಂತೆ. ಕಾರಣ, ನೀಷೆ. ಜರ್ಮನಿಯ ಆ ತತ್ವಜ್ಞಾನಿ 1880ರ ದಶಕದಲ್ಲಿ ಚಳಿಗಾಲ ಕಳೆಯಲು ನೀಸಿಗೆ ಬರುತ್ತಿದ್ದ. ಸಮುದ್ರದ ಬದಿಯ ರೈಲು ನಿಲ್ದಾಣದಿಂದ ಎಜ್‌ಗೆ ಹತ್ತುವ ಕಾಲುದಾರಿಯಲ್ಲಿ ಏದುಸಿರು ಬಿಡುತ್ತಲೇ ತನ್ನ ಜರತುಷ್ಟ್ರನ ಪುಸ್ತಕದ ಮೂರನೆಯ ಭಾಗದ ಮುಖ್ಯ ಅಂಶವೊಂದನ್ನು ಹೊಸೆದ. ದಾರಿಗೆ ಈಗ ಅವನದೇ ಹೆಸರು. ನಾನೂ ಆ ದಾರಿ ಹತ್ತಿ ಬಂದರೆ ಊರಿನ ವಾಚನಾಲಯದಲ್ಲಿ ಒಂದು ಸಂಜೆ ಮಾತಾಡಲು ಸಾಕಾಗುತ್ತಿತ್ತು.

"ಏನು ಹೆಸರು ಅಂದಿರಿ?"

"ನೀಷೆ. ನೀಚೆ ಅಂತಲೂ ಕೆಲವರು ಅನ್ನುತ್ತಾರೆ."

"ಹಿಂದಿಯಲ್ಲಿ ನೀಚೆ ಅಂದರೆ ಕೆಳಗೆ ಅಲ್ಲವಾ? ಹಾಗಾದರೆ ಅದು ಇಳಿಯುವ ದಾರಿ. ಹತ್ತುವುದಕ್ಕೆ ಬಸ್ಸು ಹಿಡಿಯುವ."

ತತ್ವಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಬಸ್ಸಿನಲ್ಲಿ ಹೋದೆವು. ಎಜ್ ನಿಜಕ್ಕೂ ಚಂದದ ಊರು. ಕಲ್ಲಿನ ಮನೆ, ಕಲ್ಲಿನ ಓಣಿ, ಓಣಿಯ ಎರಡೂ ಬದಿಗೆ ಸಾಬೂನು, ಅತ್ತರು ಮಾರುವ ಅಂಗಡಿ. ಹಳೆಯ ಊರಿನೊಳಗೆ ಯಾರಾದರೂ ಬೇಳೆ ಬೇಯಿಸುತ್ತಾರೆ ಎಂಬ ಸುಳಿವು ಮಾತ್ರ ಸಿಗಲಿಲ್ಲ. ತುದಿಯಲ್ಲಿದ್ದ ಕೋಟೆಯನ್ನು ಹದಿನಾಲ್ಕನೇ ಲೂಯಿ 1706ರಲ್ಲಿ ಕೆಡವಿಸಿದ. ಆ ಜಾಗದಲ್ಲಿ 1949ರಲ್ಲಿ ಕಳ್ಳಿಯ ತೋಟ ಎಬ್ಬಿಸಿದರು. ಅದಕ್ಕೆ ಟಿಕೇಟು. "ನಮ್ಮಲ್ಲಿ ಕಳ್ಳಿ ನೆಡುವುದು ದನ ಬಾರದಿರಲಿ ಅಂತ, ಇವರು ನೆಟ್ಟದ್ದು ಜನ ಬರಲಿ ಅಂತ" ಎಂದು ಗೊಣಗುತ್ತಲೇ ಹತ್ತಿದವಳು, ತುದಿ ಮುಟ್ಟಿದ ಮೇಲೆ ಮಾತು ನಿಲ್ಲಿಸಿದಳು. ಕೆಳಗೆ ಇಡೀ ಸಮುದ್ರ ಹರಡಿಕೊಂಡಿತ್ತು. ಅಷ್ಟು ಎತ್ತರದಿಂದ ಕಲ್ಲು ಕಾಣುವುದಿಲ್ಲ.

ಇಳಿಯುವಾಗ ಅವಳ ತೀರ್ಮಾನದಂತೆ ನೀಷೆಯ ದಾರಿ. ಕಲ್ಲು, ಸುಣ್ಣದ ಪುಡಿ, ತಿರುವು, ಮೆಟ್ಟಿಲು, ಮತ್ತೆ ಕಲ್ಲು. ಹತ್ತುವುದು ಎದೆಗೆ ಕಷ್ಟ, ಇಳಿಯುವುದು ಮೊಣಕಾಲಿಗೆ ಕಷ್ಟ ಎಂಬುದನ್ನು ಮಲೆನಾಡಿನಲ್ಲಿ ಹುಟ್ಟಿದ ನಾನು ಮರೆತಿದ್ದೆ. ಒಂದೂವರೆ ತಾಸಿನ ಮೇಲೆ ನಿಲ್ದಾಣದಲ್ಲಿ ಕೂತಾಗ ನನ್ನ ಬಲ ಮೊಣಕಾಲು ಬೇರೆಯವರದ್ದಾಗಿತ್ತು. ಕೆಳಗಿನವಳಾದ ಅವಳು ಮಾತ್ರ ರೈಲು ಬರುವವರೆಗೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಾಡಿಕೊಂಡಿದ್ದಳು. ಮನೆ ತಲುಪಿದ ಮೇಲೆ ಗೊತ್ತಾಯಿತು, ಮಗನ ಮೂರನೇ ಮಹಡಿಯೇ ಪಟ್ಟಿಗೆ ಸೇರದೆ ಉಳಿದ ಎಂಟನೆಯ ಗುಡ್ಡದ ಊರು ಎಂದು. ನಾಲ್ಕು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಕೆಳಗಿನ ಮನೆಯ ಮುದುಕ ನಾನು ಎದುರಾದಾಗಲೆಲ್ಲ ನನ್ನ ಬೆನ್ನಿಗೇ "ಬೊಂಜೂರ್" ಎನ್ನುತ್ತಿದ್ದ.

ಅಲ್ಲಿಂದ ಮುಂದೆ ಆಯ್ಕೆ ಬಹಳ ಸಲೀಸಾಯಿತು. ಗುರ್ದೋಂ, ಸೇಂತ್ ಆನ್ಯೆಸ್ ಎರಡೂ 750 ಮೀಟರಿನ ಆಸುಪಾಸು. ಹೆಸರು ಓದಿದ ಕೂಡಲೇ ಮೊಣಕಾಲು ಛಳಕ್ಕೆಂದಿತು, ಬಿಟ್ಟೆವು. ಹೂವಿನ ಊರಿನಲ್ಲಿ ಆಗ ಹೂವಿನ ಕಾಲವಲ್ಲ. ದೆವ್ವದ ಊರಿಗೆ ಹೆಂಡತಿ ಒಪ್ಪಲಿಲ್ಲ. ಬಾಲ ಹೋದ ದೆವ್ವ ಸಿಟ್ಟಿನಲ್ಲಿರುತ್ತದೆ ಎಂಬುದು ಅವಳ ವಾದ.

ಚಿತ್ರದ ಊರಿಗೆ ಹೋದೆವು. ಸೇಂ ಪೋಲಿನಲ್ಲಿ ಮಾರ್ಕ್ ಶಗಾಲ್ 1966ರಿಂದ ಸಾಯುವವರೆಗೆ ಇದ್ದ. 1985ರಲ್ಲಿ ಊರ ಅಂಚಿನ ಸ್ಮಶಾನದಲ್ಲೇ ಅವನನ್ನು ಮಣ್ಣು ಮಾಡಿದರು. ಓಣಿಗಳಲ್ಲಿ ಹೆಜ್ಜೆಗೊಂದು ಗ್ಯಾಲರಿ. ಚಿತ್ರದ ಬೆಲೆ ನೋಡಿ ನಾವು ಬಾಗಿಲಲ್ಲೇ ಕೈಮುಗಿದೆವು. ಊರ ಬಾಗಿಲ ಹೊರಗೆ ಮರದ ನೆರಳಲ್ಲಿ ನನ್ನ ವಯಸ್ಸಿನವರು ಪೆತಾಂಕ್ ಆಡುತ್ತಿದ್ದರು. ತೆಂಗಿನಕಾಯಿಗಿಂತ ಚಿಕ್ಕ ಕಬ್ಬಿಣದ ಗುಂಡನ್ನು ಎಸೆದು, ಯಾರದ್ದು ಪುಟ್ಟ ಮರದ ಗುಂಡಿಗೆ ಹತ್ತಿರವೆಂದು ಟೇಪು ಹಿಡಿದು ಜಗಳವಾಡುವ ಆಟ. ಗೋಲಿಯಾಟವೇ, ಪಿಂಚಣಿ ಬಂದ ಮೇಲಿನದ್ದು. ನಾನು ಮುಕ್ಕಾಲು ತಾಸು ಅಲ್ಲೇ ನಿಂತೆ. ಶಗಾಲನ ಸಮಾಧಿಯ ಚಪ್ಪಡಿಯ ಮೇಲೆ ಬಂದವರು ಇಟ್ಟುಹೋದ ಸಣ್ಣ ಸಣ್ಣ ಕಲ್ಲುಗಳಿದ್ದವು. ಯಹೂದಿಗಳಲ್ಲಿ ಹೂವಿನ ಬದಲು ಕಲ್ಲಿಡುವ ಪದ್ಧತಿ. ಹೆಂಡತಿ ಚೀಲದಿಂದ ಒಂದು ಉರುಟು ಬೂದು ಕಲ್ಲು ತೆಗೆದು ಮೆಲ್ಲಗೆ ಇಟ್ಟಳು. ನೀಸಿನ ದಡದ್ದು. ಸಮುದ್ರವೇ ಅಲ್ಲ ಎಂದು ಬೈದು ಬಂದವಳು ಅದನ್ನು ಯಾವಾಗ ಆರಿಸಿಕೊಂಡಿದ್ದಳೋ.

ಉಳಿದದ್ದು ಏನೂ ಇಲ್ಲದ ಊರು. ಕೊನೆಯ ಭಾನುವಾರ ಮಗ ಕಾರಿನಲ್ಲಿ ಕರೆದೊಯ್ದ. ದಾರಿಗೆಂದು ನೀಸಿನ ಪೇಟೆಯಲ್ಲಿ ಸೊಕ್ಕಾ ಕಟ್ಟಿಸಿಕೊಂಡಿದ್ದೆವು. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ ಕಲಸಿ, ಅಗಲ ತಟ್ಟೆಯಲ್ಲಿ ಹುಯ್ದು ಒಲೆಯಲ್ಲಿ ಸುಡುವ ತಿಂಡಿ. ಈರುಳ್ಳಿ ರೊಟ್ಟಿಯೆಂದು ತೆಗೆದುಕೊಂಡರೆ ಮೇಲೊಂದು ಮೀನು, ಸಲಾಡೆಂದರೆ ಒಳಗೊಂದು ಮೀನು ಇರುವ ಊರಿನಲ್ಲಿ ನನ್ನನ್ನು ಎರಡು ವಾರ ಉಳಿಸಿದ್ದು ಅದೇ.

ಪೇಯೋಂ ಒಳಗೆ ಕಾರು ಹೋಗುವುದಿಲ್ಲ. ಊರೆಂದರೆ ಮೆಟ್ಟಿಲು, ಮೆಟ್ಟಿಲಿಗೆ ಅಂಟಿದ ಮನೆ, ಮನೆಯ ಕೆಳಗೆ ಕಮಾನು, ಕಮಾನಿನಾಚೆ ಮತ್ತೆ ಮೆಟ್ಟಿಲು. ಒಂದು ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಹದಿನೈದನೇ ಶತಮಾನದ ಭಿತ್ತಿಚಿತ್ರಗಳಿವೆ, ಸರಳಿನ ಸಂದಿಯಿಂದ ಇಣುಕಬೇಕು. ಇಣುಕಿದೆವು. ಆಮೇಲೆ ನಾನು ಮೊಣಕಾಲಿನ ಜೊತೆ ಹನ್ನೆರಡನೇ ಮೆಟ್ಟಿಲಿನಲ್ಲಿ ಕೂತೆ. ಮಗ, ಸೊಸೆ ಫೋಟೋಕ್ಕೆ ಮೇಲೆ ಹೋದರು.

ಕೆಳಗಿನಿಂದ ಒಬ್ಬ ಮುದುಕಿ ಬಂದಳು. ಎರಡು ಕೈಯಲ್ಲೂ ಚೀಲ. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಏನೋ ಗೊಣಗುತ್ತಿದ್ದಳು. ಹೆಂಡತಿ ಇಳಿದು ಹೋಗಿ, ಕೇಳದೆಯೇ, ಒಂದು ಚೀಲ ಕಿತ್ತುಕೊಂಡಳು. ಮುದುಕಿ ಮೊದಲು ಗಾಬರಿಯಾದಳು, ಆಮೇಲೆ ನಕ್ಕಳು. ಇಬ್ಬರೂ ನನ್ನನ್ನು ದಾಟಿ ಹತ್ತಿದರು. ಒಬ್ಬಳದು ಫ್ರೆಂಚು, ಒಬ್ಬಳದು ಕುಮಟೆಯ ಕನ್ನಡ, ಇಬ್ಬರದೂ ಒಂದೇ ಸಮನೆ. ಮುದುಕಿ ಮಧ್ಯೆ ಒಮ್ಮೆ ನಿಂತು ಕೆಳಗಿನ ಕಣಿವೆಯತ್ತ ಕೈ ತೋರಿಸಿ ಉದ್ದಕ್ಕೆ ಏನೋ ಹೇಳಿದಳು. ಇವಳು "ಹೌದು ಹೌದು" ಎಂದು ತಲೆಯಾಡಿಸಿದಳು.

ಅರ್ಧ ತಾಸಿನ ಮೇಲೆ ಕೈಯಲ್ಲಿ ಎರಡು ನಿಂಬೆಹಣ್ಣು ಹಿಡಿದು ಬಂದಳು.

"ಪಾಪ, ಅದೂ ಕೆಳಗಿನ ಹುಡುಗಿಯೇ. ಮದುವೆಯಾಗಿ ಇಲ್ಲಿ ಮೇಲೆ ಬಂದು ಸಿಕ್ಕಿಬಿದ್ದದ್ದು."

"ನಿನಗೆ ಫ್ರೆಂಚ್ ಯಾವಾಗ ಬಂತು?"

"ಅದಕ್ಕೆ ಫ್ರೆಂಚ್ ಎಂತಕ್ಕೆ? ಮೆಟ್ಟಿಲು ಹತ್ತುವಾಗ ಗಂಡನನ್ನು ಬೈಯುವುದು ಕೇಳಿದರೆ ಗೊತ್ತಾಗುವುದಿಲ್ಲವಾ?" ಎಂದು ನನ್ನ ಕೈ ಹಿಡಿದು ಎಬ್ಬಿಸಿದಳು.